ಇದ್ರಲ್ಲಿ ಜೀವ ಇಲ್ಲ

ಗಂಡನ ಕಾಲು ನೋಡಿ ನೋಡಿ ಮಂಗಳಾಗೆ ಗಂಡನ ಮುಖವೇ ಮರೆತುಹೋಗುವಂತಾಗಿತ್ತು. ಬೆಳಗ್ಗೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಬಂದರೆ ಕಾಲು. ಮಧ್ಯಾಹ್ನ ಮುದ್ದೆ ಕಟ್ಟಿಟ್ಟು, ತೋಟದ ಮೋಟರಿಗೆ ಕರೆಂಟು ಬಂತೇ ಎಂದು ನೋಡಿ ಬಂದರೆ ಮತ್ತೆ ಕಾಲು. ಬ್ಯಾಂಡೇಜು ಬಿಚ್ಚುವುದು, ಸಲೈನ್ ನೀರಿನಲ್ಲಿ ತೊಳೆಯುವುದು, ಕೀವು ಒರೆಸುವುದು, ಮತ್ತೆ ಸುತ್ತುವುದು. ನೋಡಲು ಬಂದವರೆಲ್ಲ ಕಾಫಿ ಕುಡಿದು, ‘ಪುಣ್ಯವಂತೆ, ಗಂಡನ ಸೇವೆ ಮಾಡ್ತಾಳೆ’ ಎಂದು ಹೇಳಿ ಎದ್ದು ಹೋಗುತ್ತಿದ್ದರು. ಹೇಳುವುದಕ್ಕೇನು, ಬಾಯಿಗೇನು ಬಾಡಿಗೆಯೇ? ಆ ಪುಣ್ಯವನ್ನು ಅರೆದು ಸೊಂಟನೋವಿಗೆ ಹಚ್ಚುವಂತಿದ್ದರೆ ಅವಳೂ ಸಂತೋಷಪಡುತ್ತಿದ್ದಳು.

ಹಂದನಕೆರೆಗೆ ಹತ್ತಿರದ ಆ ಊರಿನಲ್ಲಿ ಗಂಡ ಕಲ್ಲೇಶನದು ಮಧ್ಯಮ ಅಳತೆಯ ತೆಂಗಿನ ತೋಟ, ಎರಡು ಹಸು, ಸ್ವಲ್ಪ ರಾಗಿ ಹೊಲ. ಹೋದ ಕಾರ್ತೀಕದಲ್ಲಿ ಅಂಗಳದಲ್ಲಿ ಕೊಬ್ಬರಿ ಒಡೆಯುವಾಗ ಚಿಪ್ಪಿನ ಚೂರೊಂದು ಅವನ ಅಂಗಾಲಿಗೆ, ಹೆಬ್ಬೆರಳಿನ ಬುಡದಲ್ಲಿ ಹೊಕ್ಕಿತು. ವರ್ಷಗಳಿಂದ ಶುಗರ್ ಇದ್ದವನ ಪಾದ, ಜೋಮು ಹಿಡಿದಿತ್ತು. ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ನಡುಮನೆಯ ನೆಲದಲ್ಲಿ ರಕ್ತದ ಗುರುತು ಕಂಡು ‘ಇದು ಯಾರ ಕಾಲು’ ಎಂದು ಕೇಳಿದವಳು ಮಂಗಳಾ. ಚೂರು ತೆಗೆದರು, ಅರಿಶಿನ ಮೆತ್ತಿದರು, ವಾರ ಬಿಟ್ಟು ಡಾಕ್ಟರಿಗೆ ತೋರಿಸಿದರು. ಗಾಯ ಮಾತ್ರ ಯಾರ ಮಾತೂ ಕೇಳದೆ ದಿನಕ್ಕಿಷ್ಟು ಅಗಲವಾಗುತ್ತಾ ಹೋಯಿತು.

ತಿಪಟೂರಿನ ಡಾಕ್ಟರು ಮೊದಲು ಮಾತ್ರೆ ಬರೆದರು, ಆಮೇಲೆ ಇಂಜೆಕ್ಷನ್ ಬರೆದರು, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅರ್ಧ ಪಾದ ತೆಗೀಬೇಕಾಗುತ್ತೆ. ತಡ ಮಾಡಿದ್ರೆ ಇದು ಮೇಲಕ್ಕೇರುತ್ತೆ,” ಎಂದರು. ಮನೆಗೆ ಬರುವ ಬಸ್ಸಿನಲ್ಲಿ ಕಲ್ಲೇಶ ಕಿಟಕಿಯಾಚೆಯ ತೋಟಗಳನ್ನೇ ನೋಡುತ್ತ ಕೂತಿದ್ದ. ಊರು ಹತ್ತಿರವಾದಾಗ, “ಅರ್ಧ ಪಾದ ಇಟ್ಕಂಡು ತೋಟದ ಬದಿನ್ ಮೇಲೆ ನಡೆಯಕಾಯ್ತದಾ?” ಎಂದು ಕೇಳಿದ. ಇಳಿದ ಮೇಲೆ ಮಂಗಳಾ ಅವನ ರಟ್ಟೆ ಹಿಡಿದು ನಿಧಾನವಾಗಿ ನಡೆಸಿಕೊಂಡು ಬಂದಳು.

ಅದೇ ಡಾಕ್ಟರು ಒಂದು ದಾರಿಯನ್ನೂ ಹೇಳಿದ್ದರು. ತುಮಕೂರಿನ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ, ಹೀಗೆ ವಾಸಿಯಾಗದ ಗಾಯಕ್ಕೆ ಹೊಸ ಔಷಧಿ ಪರೀಕ್ಷೆ ಮಾಡುತ್ತಿದ್ದಾರೆ, ಒಮ್ಮೆ ಹೋಗಿ ನೋಡಿ, ಅದೂ ಕೈಕೊಟ್ಟರೆ ಕತ್ತರಿ ಹೇಗೂ ಇದ್ದೇ ಇದೆ ಎಂದು. ಹೋದರು. ಅಲ್ಲಿದ್ದ ಡಾಕ್ಟರು ಧನ್ಯಶ್ರೀ, ಸಣ್ಣ ವಯಸ್ಸಿನ ಹೆಂಗಸು. ಗಾಯವನ್ನು ನೋಡಿದರು, ಅಳೆದರು, ಫೋಟೊ ತೆಗೆದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಓದಿದವರ ಸೊಕ್ಕಿಲ್ಲದೆ ವಿವರಿಸಿದರು.

“ಮಗು ಹುಟ್ಟಿದ ಮೇಲೆ ಕರುಳಬಳ್ಳಿ ಸುಮ್ನೆ ಹೋಗುತ್ತಲ್ಲಮ್ಮ, ತಾಯಿ ಒಪ್ಪಿಗೆ ತಗೊಂಡು ಅದರಿಂದ ಒಂದು ಬಗೆಯ ಜೀವಕೋಶ ತೆಗೀತಾರೆ. ಕಾಂಡಕೋಶ ಅಂತಾರೆ ಅದಕ್ಕೆ. ಲ್ಯಾಬಲ್ಲಿ ಅದನ್ನ ಬೆಳೆಸ್ತಾರೆ. ಮೊದಲೆಲ್ಲ ಆ ಜೀವಕೋಶಗಳನ್ನೇ ಗಾಯಕ್ಕೆ ಹಾಕಿ ನೋಡ್ತಿದ್ರು. ಆಮೇಲೆ ತಿಳೀತು, ಹೆಚ್ಚಿನ ಕೆಲಸ ಮಾಡೋದು ಆ ಕೋಶ ಅಲ್ಲ, ಅದು ಹೊರಗೆ ಬಿಡೋ ಪುಟ್ಟ ಪುಟ್ಟ ಚೀಲಗಳು. ಕಣ್ಣಿಗೆ ಕಾಣಲ್ಲ, ಅಷ್ಟು ಸಣ್ಣವು. ಬೆಳೆದುಕೋ, ಸರಿಮಾಡಿಕೋ ಅಂತ ಗಾಯಕ್ಕೆ ಹೇಳೋ ಪದಾರ್ಥ ಅದರೊಳಗೆ ಇರುತ್ತೆ. ಈ ಜೆಲ್‌ನಲ್ಲಿ ಜೀವಕೋಶ ಇಲ್ಲವೇ ಇಲ್ಲ, ಬರೀ ಆ ಚೀಲಗಳನ್ನ ಸೋಸಿ ಹಾಕಿದಾರೆ. ಬೇರೆಯವರ ಜೀವಕೋಶ ಮೈಗೆ ಒಗ್ಗುತ್ತೋ ಇಲ್ವೋ, ಎಲ್ಲೆಲ್ಲೋ ಬೆಳೆಯುತ್ತೋ ಅನ್ನೋ ಭಯ ಇದರಲ್ಲಿ ಕಮ್ಮಿ.”

ಮಂಗಳಾ ಸ್ವಲ್ಪ ಯೋಚಿಸಿ, “ಹಾಲು ಬೇಕು ಅಂದ್ರೆ ಹಸುನೇ ಹೊಡ್ಕಂಡು ಬರಬೇಕಾಗಿಲ್ಲ, ಹಾಲು ತಂದ್ರೆ ಸಾಕು ಅಂದಂಗೆ,” ಎಂದಳು.

ಡಾಕ್ಟರು ನಕ್ಕರು. “ಹಾಗೇ ಅಂದ್ಕೊಳ್ಳಿ. ಆದ್ರೆ ಇದು ಇನ್ನೂ ಪರೀಕ್ಷೆ. ವಾಸಿ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಮುಂದಿನ ತಿಂಗಳೊಳಗೆ ಗಾಯ ಮುಚ್ಚಿಕೊಳ್ಳೋ ದಾರೀಲಿದ್ರೆ ಪಾದ ಉಳಿಯುತ್ತೆ. ಇಲ್ಲದಿದ್ರೆ ಆಪರೇಷನ್ ಮಾಡಿಸಲೇಬೇಕು.”

ಮೊದಲ ಎರಡು ಸಲ ಆಸ್ಪತ್ರೆಯಲ್ಲೇ ಹಾಕಿದರು. ಎರಡನೆಯ ಸಲದ ನಂತರ ಗಾಯದ ಅಂಚಿನಲ್ಲಿ ಎಳೆಗೆಂಪು ಬಣ್ಣ ಕಂಡಿತು. ಮಂಗಳಾ ಟಾರ್ಚು ಹಿಡಿದು ನೋಡಿದಳು, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದಳು. ಹೊಸ ಮಾಂಸವೇ. ಎಷ್ಟೋ ತಿಂಗಳಿಂದ ಕೊಳೆಯುವುದನ್ನು ಮಾತ್ರ ಕಂಡಿದ್ದ ಕಣ್ಣಿಗೆ ಅದು ನಿಜವೆನಿಸಲಿಲ್ಲ. ಅವಳಿಗೆ ಅಳು ಬಂತು, ಆದರೆ ಹಸುವಿಗೆ ಹಿಂಡಿ ಕಲಸುವುದಿತ್ತು, ಎದ್ದು ಹೋದಳು.

ಪ್ರತಿ ಸಲವೂ ಕಲ್ಲೇಶನನ್ನು ಬಸ್ಸು ಹತ್ತಿಸಿ ಇಳಿಸುವುದು ಕಾಲಿಗೇ ಒಳ್ಳೆಯದಲ್ಲವೆಂದು, ಉಳಿದ ಔಷಧಿಯನ್ನು ಮನೆಯಲ್ಲೇ ಹಾಕಿ ಎಂದು ಡಾಕ್ಟರು ಕೊಟ್ಟು ಕಳಿಸಿದರು. ಸೂಜಿಯಿಲ್ಲದ ಸಣ್ಣ ಸಣ್ಣ ಸಿರಿಂಜುಗಳಲ್ಲಿ ತುಂಬಿದ ಜೆಲ್, ಸುತ್ತ ಐಸ್ ಚೀಲ, ಮೇಲೊಂದು ಥರ್ಮಾಕೋಲ್ ಡಬ್ಬಿ. ಫ್ರಿಜ್ಜಿನೊಳಗೇ ಇಡಬೇಕು, ಬಿಸಿ ತಾಗಿದರೆ ಕೆಲಸಕ್ಕೆ ಬರುವುದಿಲ್ಲ ಎಂದು ಎರಡೆರಡು ಸಲ ಹೇಳಿದರು. ಮಂಗಳಾ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತೂಕಡಿಸುತ್ತ, ಎಚ್ಚರಾದಾಗಲೆಲ್ಲ ಡಬ್ಬಿ ಮುಟ್ಟಿ ನೋಡಿಕೊಳ್ಳುತ್ತ ಊರು ಸೇರಿದಳು.

ಮನೆಯಲ್ಲಿ ಅತ್ತೆ ಚಿಕ್ಕಗೌರಮ್ಮ ಬಾಗಿಲಲ್ಲೇ ಕೂತಿದ್ದಳು. ಮಗನೆಂದರೆ ಮುದುಕಿಗೆ ಜೀವ, ಆದರೆ ಮಗನ ಗಾಯವನ್ನು ಅವಳು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಸರಿಯಾಗಿ ಅವಳಿಗೆ ಹಿತ್ತಲಿನಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಮಂಗಳಾ ಅದನ್ನು ಕಂಡೂ ಕಾಣದ ಹಾಗೆ ಇದ್ದುಬಿಟ್ಟಿದ್ದಳು. ಕಾಣುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ.

ಅವತ್ತು ಸಂಜೆ ಕರು ಹಗ್ಗ ಬಿಚ್ಚಿಕೊಂಡು ಒದರುತ್ತಿತ್ತು, ಒಲೆಯ ಮೇಲೆ ಸಾರಿಗೆ ಇಡಬೇಕಿತ್ತು, ಕಲ್ಲೇಶ ಮಂಚದಿಂದ ನೀರು ಕೇಳುತ್ತಿದ್ದ. ಮಂಗಳಾ ಫ್ರಿಜ್ಜಿನೊಳಗೆ ತಲೆ ಹಾಕಿ, ಮೊಸರಿನ ಪಾತ್ರೆ, ದೇವರ ಹೂವಿನ ಪೊಟ್ಟಣ ಎಲ್ಲ ಸರಿಸಿ ಡಬ್ಬಿಗೆ ಜಾಗ ಮಾಡುತ್ತಿದ್ದಳು. ಅತ್ತೆ ಬೆನ್ನ ಹಿಂದೆ ಬಂದು ನಿಂತಳು.

“ಏನೇ ಅದು?”

“ಇವ್ರ ಕಾಲಿನ ಔಷ್ದಿ ಕಣತ್ತೆ. ಮುಟ್ಬೇಡಿ.”

“ಯಾತ್ರಲ್ಲಿ ಮಾಡವ್ರೆ?”

“ಎಳೇ ಮಗೀನ ಕರುಳಬಳ್ಳೀಲಿ.”

ಮುದುಕಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. “ಯಾರ ಮಗೀದು?”

“ಯಾರ್ದೋ. ಅವೆಲ್ಲ ಹೇಳಲ್ಲ.”

“ಜೀವ ಐತಾ?”

ಮಂಗಳಾಗೆ ಡಾಕ್ಟರು ಹೇಳಿದ ಜೀವಕೋಶದ ಮಾತು ತಲೆಯಲ್ಲಿತ್ತು. ಅತ್ತೆಗೂ ಅದೇ ಭಯ ಇರಬೇಕು ಎಂದುಕೊಂಡಳು. “ಇಲ್ಲ ಕಣತ್ತೆ. ಇದ್ರಲ್ಲಿ ಜೀವ ಇಲ್ಲ. ಜೀವ ಇಲ್ದೆ ಇರೋದೇ ಒಳ್ಳೇದಂತೆ,” ಎಂದು ಫ್ರಿಜ್ಜಿನ ಬಾಗಿಲು ಮುಚ್ಚಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ಚೆನ್ನಾಗಿ ಹಸು, ಹಾಲು ಎಂದು ಬಿಡಿಸಿ ಹೇಳಿದ್ದವಳೇ, ಮನೆಯಲ್ಲಿ ಆಯಾಸಕ್ಕೆ ‘ಕೋಶ’ ಎನ್ನುವ ಒಂದು ಪದ ನುಂಗಿದ್ದಳು. ಮುದುಕಿ ಕೇಳಿದ್ದು ಮಗುವಿನ ಜೀವವನ್ನು. ಇವಳು ಹೇಳಿದ್ದು ಔಷಧಿಯದ್ದು. ಸಾರಿಗೆ ಬೇಳೆ ಹಾಕುವ ಹೊತ್ತಿಗೆ ಮಂಗಳಾ ಆ ಮಾತನ್ನು ಮರೆತೂ ಆಗಿತ್ತು.

ಚಿಕ್ಕಗೌರಮ್ಮ ಮರೆಯಲಿಲ್ಲ. ಮರುದಿನದಿಂದ ಅವಳು ಫ್ರಿಜ್ಜಿನ ಮೊಸರು ಮುಟ್ಟಲಿಲ್ಲ, ಮುದ್ದೆಗೆ ಬರೀ ಸಾರು ಹಾಕಿಸಿಕೊಂಡಳು. ದೇವರಿಗೆ ಫ್ರಿಜ್ಜಿನ ಹೂವು ಬೇಡವೆಂದು ಹಿತ್ತಲಿನ ದಾಸವಾಳ ಕಿತ್ತು ತಂದಳು. ಮಂಗಳಾ ಮನೆಯಲ್ಲಿ ಮೊದಲ ಸಿರಿಂಜು ಒತ್ತಿ ಗಾಯದ ಮೇಲೆ ಜೆಲ್ ಹರಡುವಾಗ, ಮುದುಕಿ ಎಂದಿನಂತೆ ಹಿತ್ತಲಿಗೆ ಹೋಗದೆ ದೇವರ ಮುಂದೆ ಕೂತು ಏನೋ ಗೊಣಗುತ್ತಿದ್ದಳು. ವಯಸ್ಸಾದವರು, ಏನೋ ಹರಕೆ ಇರಬೇಕು ಎಂದು ಮಂಗಳಾ ಅಂದುಕೊಂಡಳು. ಗಾಯ ಮಾತ್ರ ದಿನದಿಂದ ದಿನಕ್ಕೆ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತಿತ್ತು. ಫೋಟೊ ಕಳಿಸಿದರೆ ಡಾಕ್ಟರು ಹೆಬ್ಬೆಟ್ಟಿನ ಚಿತ್ರ ಕಳಿಸಿದರು.

ಎರಡನೆಯ ಸಿರಿಂಜಿನ ದಿನ, ಬ್ಯಾಂಡೇಜು ಬಿಚ್ಚಿ ಕಾಲು ತೊಳೆದು, ಕೈ ಒರೆಸಿಕೊಂಡು ಫ್ರಿಜ್ಜು ತೆಗೆದರೆ ಡಬ್ಬಿ ಇರಲಿಲ್ಲ. ಮೇಲಿನ ತಟ್ಟೆ, ಕೆಳಗಿನ ತಟ್ಟೆ, ತರಕಾರಿಯ ಬುಟ್ಟಿ, ಎಲ್ಲಿಯೂ ಇರಲಿಲ್ಲ. ತೆರೆದ ಗಾಯದ ಮೇಲೆ ಒಂದು ಒಗೆದ ಬಟ್ಟೆ ಹೊದಿಸಿ, ಗಂಡನಿಗೆ “ಈಗ್ಬಂದೆ” ಎಂದು ಹೇಳಿ ಹಿತ್ತಲಿಗೆ ಹೋದಳು. ಅತ್ತೆ ಬೇಲಿ ಕಡೆಯ ಹಳೆಯ ತೆಂಗಿನ ಮರದ ಬುಡದಲ್ಲಿ ಕೂತಿದ್ದಳು.

“ಅತ್ತೆ, ಫ್ರಿಜ್ಜಲ್ಲಿದ್ದ ಡಬ್ಬಿ ಎಲ್ಲಿ?”

“ಮಣ್ಣಿಗೆ ಕೊಟ್ಟೆ ಕಣವ್ವ.”

“ಏನ್ ಕೊಟ್ರಿ?”

“ನಿನ್ನೆ ಮಧ್ಯಾಹ್ನ ಕೊಟ್ಟೆ. ಇವತ್ತು ಅಮಾಸೆ. ಸತ್ತ ಮಗೀನ ಕರುಳಬಳ್ಳಿ ಅಮಾಸೆ ದಿನ ಮನೇಲಿಟ್ಕಬಾರ್ದು. ಮೊಸರಿನ ಪಕ್ದಲ್ಲಿಟ್ಟಿದ್ದೆ ನೀನು. ಯಾವ ತಾಯಿ ಹೆತ್ತಿದ್ದೋ, ಪಾಪ.”

ಆ ಕಡೆ ಊರುಗಳಲ್ಲಿ ಈಗಲೂ ಕೆಲವರು ಇದನ್ನು ಬಿಟ್ಟಿಲ್ಲ. ಹೆರಿಗೆಯೇನೋ ಆಸ್ಪತ್ರೆಗೆ ಹೋಯಿತು, ಆದರೆ ಮುದುಕಿಯರ ಮನಸ್ಸಿನಲ್ಲಿ ಕರುಳಬಳ್ಳಿ, ಮಾಸು ಎಲ್ಲ ಇನ್ನೂ ತೆಂಗಿನ ಬುಡಕ್ಕೇ ಸೇರಬೇಕಾದವು. ಬದುಕಿದ ಕೂಸಿನದಾದರೆ ಕೂಸು ಮರದ ಜೊತೆ ಬೆಳೆಯಲಿ ಎಂದು. ಸತ್ತ ಕೂಸಿನದಾದರೆ ಅದಕ್ಕೊಂದು ನೆಲೆ ಸಿಗಲಿ ಎಂದು. ಹೂಳದೆ ಬಿಟ್ಟರೆ ಅದು ಅಲೆಯುತ್ತದೆ, ಅಲೆದು ಹತ್ತಿರ ಇದ್ದವರನ್ನು ಕಾಡುತ್ತದೆ. ಕಲ್ಲೇಶನ ಕಾಲಿಗೆ ಅಂಥದ್ದನ್ನು ಸವರುತ್ತಿದ್ದಾರಲ್ಲ ಎಂದು ಮುದುಕಿಗೆ ನಿದ್ದೆ ಬಂದಿರಲಿಲ್ಲ.

ಮಂಗಳಾ ಗುದ್ದಲಿ ತಂದು ಅಗೆದಳು. ಆಳವೇನೂ ಇರಲಿಲ್ಲ, ಮುದುಕಿಯ ಕೈಗೆ ಅಷ್ಟೇ ಆಗಿದ್ದು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಡಬ್ಬಿ, ಅದಕ್ಕೆ ಅರಿಶಿನ ಕುಂಕುಮ, ಮೇಲೊಂದು ವೀಳ್ಯದೆಲೆ. ಐಸ್ ಚೀಲಗಳು ನೀರಾಗಿದ್ದವು. ಯುಗಾದಿ ಕಳೆದ ಬಿಸಿಲಿಗೆ ಮಣ್ಣೇ ಬೆಚ್ಚಗಿತ್ತು. ಸಿರಿಂಜುಗಳನ್ನು ಅಂಗೈಯಲ್ಲಿಟ್ಟುಕೊಂಡಳು, ಅವೂ ಬೆಚ್ಚಗಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು ಎಂದುಕೊಂಡು ಅಗೆದ ಗುಂಡಿಯ ಅಂಚಿನಲ್ಲೇ ಕುಸಿದು ಕೂತಳು. ಸಿಟ್ಟು ಬಂತು. ಸಿಟ್ಟನ್ನು ಎತ್ತಿ ಆಡುವಷ್ಟು ಶಕ್ತಿ ಮಾತ್ರ ಬರಲಿಲ್ಲ.

“ಅತ್ತೆ, ಅದು ಸತ್ತ ಮಗೀದಲ್ಲ. ಆ ಮಗ ಚೆನ್ನಾಗೇ ಐತೆ. ಎಲ್ಲೋ ಆಡ್ಕಂಡೈತೆ. ನಾನು ಜೀವ ಇಲ್ಲ ಅಂದಿದ್ದು ಔಷ್ದೀಲಿ ಅಂತ. ಕರುಳಬಳ್ಳಿನೂ ಇಲ್ಲ ಇದ್ರಲ್ಲಿ. ಹಸು ಹಿತ್ಲಲ್ಲೇ ಇರ್ತದೆ, ನಾವು ಹಾಲಷ್ಟೇ ತರಲ್ವಾ? ಹಂಗೆ. ಇದು ಹಾಲಷ್ಟೇ.”

ಚಿಕ್ಕಗೌರಮ್ಮ ಸೊಸೆಯ ಮುಖ ನೋಡಿದಳು, ಅವಳ ಅಂಗೈ ನೋಡಿದಳು. “ಇದ್ನ ಅವತ್ತೇ ಹೇಳಕ್ಕಾಗ್ನಿಲ್ವಾ ನಿಂಗೆ,” ಎಂದಳು. ಬೈದಂತಿರಲಿಲ್ಲ, ಕೇಳಿದಂತಿತ್ತು. ಮಂಗಳಾ ಸಿರಿಂಜುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

“ನನ್ ಮೊದಲ್ನೇದು ಇಲ್ಲೇ ಐತೆ,” ಎಂದಳು ಮುದುಕಿ, ಮರದ ಬುಡಕ್ಕೆ ಕೈ ತೋರಿಸಿ. “ಕಲ್ಲೇಶನಿಗಿಂತ ಮುಂಚೆ. ಹೆಣ್ಮಗ. ಹುಟ್ಟುವಾಗ್ಲೇ ಜೀವ ಇರ್ಲಿಲ್ಲ. ನಂಗೆ ತೋರಿಸ್ದೇನೇ ತಗಂಡ್ಬಂದು ಹೂತ್ರು. ಇಷ್ಟು ವರ್ಷ ಒಂದೇ ಐತೆ. ಜೊತೆಗಿನ್ನೊಂದಿರ್ಲಿ ಅಂತ ಇಲ್ಲಿಟ್ಟೆ ಕಣೇ.”

ಆ ಮನೆಗೆ ಸೊಸೆಯಾಗಿ ಬಂದು ಮಗಳನ್ನು ಹೆತ್ತು ಬೆಳೆಸಿ ಮಾಯಸಂದ್ರಕ್ಕೆ ಮದುವೆ ಮಾಡಿಕೊಟ್ಟಾಗಿತ್ತು, ಇಷ್ಟು ಕಾಲದಲ್ಲಿ ಒಮ್ಮೆಯೂ ಮಂಗಳಾ ಇದನ್ನು ಕೇಳಿರಲಿಲ್ಲ. ಹಿತ್ತಲಿನಲ್ಲಿ ಅತ್ತೆಗೆ ಅದೆಂಥ ಕೆಲಸ ಎಂದು ಮನಸ್ಸಿನಲ್ಲೇ ಆಡಿಕೊಂಡಿದ್ದಳು. ಗುಂಡಿಗೆ ಮಣ್ಣು ಎಳೆದು, ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

ಡಾಕ್ಟರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು.

“ಅದನ್ನ ಬಳಸಲೇಬೇಡಿ ಅಮ್ಮ,” ಎಂದರು ಧನ್ಯಶ್ರೀ. “ಅಷ್ಟು ಹೊತ್ತು ಬಿಸಿಗಿಟ್ಟ ಮೇಲೆ ಅದನ್ನ ನಂಬೋಕಾಗಲ್ಲ. ಮತ್ತೆ ಕೊಡೋಣ ಅಂದ್ರೆ, ಒಬ್ಬೊಬ್ಬರಿಗೆ ಇಷ್ಟು ಅಂತ ಒಂದೇ ಸಲ ತಯಾರಾಗಿ ಬಂದಿರುತ್ತೆ. ಇನ್ನೊಂದು ಸಲ ಬರೋ ತನಕ ನಿಮ್ಮವರ ಕಾಲು ಕಾಯಬೇಕಲ್ಲ. ಡ್ರೆಸಿಂಗ್ ಬಿಡಬೇಡಿ. ವಾಸನೆ ಬಂದ್ರೆ, ಜ್ವರ ಬಂದ್ರೆ ಕೂಡಲೇ ಕರಕೊಂಡು ಬನ್ನಿ.”

ಮಂಗಳಾ ಒಳಗೆ ಬಂದು ಗಂಡನ ಕಾಲ ಬಳಿ ಕೂತು ಬರೀ ಬ್ಯಾಂಡೇಜು ಸುತ್ತಿದಳು. ಕಲ್ಲೇಶನ ಮಂಚ ಹಿತ್ತಲಿನ ಕಡೆಯ ಕಿಟಕಿಗೆ ಒತ್ತಿಕೊಂಡಿತ್ತು. ತೋಟ ಸುತ್ತಲು ಆಗದವನಿಗೆ ಅಷ್ಟಾದರೂ ಮರ ಕಾಣಲಿ ಎಂದು ಅವಳೇ ಅಲ್ಲಿಗೆ ಹಾಕಿಸಿದ್ದು. “ಕರೆಂಟು ಹೋಗಿ ಫ್ರಿಜ್ಜು ನಿಂತೋಗಿತ್ತು. ಔಷ್ದಿ ಹಾಳಾಗೋಯ್ತು,” ಎಂದಳು. ತಾಯಿಯ ಹೆಸರು ಹೇಳಿ, ಕೆಟ್ಟ ಕಾಲಿನ ಜೊತೆ ಅವನ ಮನಸ್ಸನ್ನೂ ಕೆಡಿಸುವುದು ಬೇಡವೆನಿಸಿತ್ತು.

“ಹಂಗಾ,” ಎಂದ ಕಲ್ಲೇಶ. “ಹೋಗ್ಲಿ ಬುಡು.”

ಅಷ್ಟೇ. ಅವನು ಕೂಗಾಡದೆ ಬಿಟ್ಟದ್ದೇ ಸಾಕೆಂದು ಮಂಗಳಾ ಎದ್ದು ಕೊಟ್ಟಿಗೆಗೆ ಹೋದಳು.

ಕೆಲವು ದಿನ ಗಾಯ ಇದ್ದಲ್ಲೇ ಇತ್ತು. ಆಮೇಲೆ ಎಳೆಗೆಂಪು ಬಣ್ಣ ಮಾಸಿತು, ಅಂಚು ಕಪ್ಪಾಯಿತು. ಮಂಗಳಾ ದಿನಕ್ಕೆ ಎರಡು ಸಲ ಇದ್ದ ಡ್ರೆಸಿಂಗನ್ನು ಮೂರು ಸಲ ಮಾಡಿದಳು. ಒಂದು ಬೆಳಗ್ಗೆ ಬ್ಯಾಂಡೇಜು ಬಿಚ್ಚುವ ಮೊದಲೇ ವಾಸನೆ ಬಂತು, ಕಲ್ಲೇಶ ಜ್ವರದಲ್ಲಿ ನಡುಗುತ್ತಿದ್ದ. ಊರಿನ ಒಬ್ಬರ ಕಾರಿನಲ್ಲಿ ಅವನನ್ನು ಮಲಗಿಸಿಕೊಂಡು ಧನ್ಯಶ್ರೀಯವರ ಆಸ್ಪತ್ರೆಗೆ ಹೊರಟರು. ಚಿಕ್ಕಗೌರಮ್ಮ ಹೇಳದೆ ಕೇಳದೆ ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಇಳಿಯಿರಿ ಎಂದರೆ ಇಳಿಯಲಿಲ್ಲ.

ಅರ್ಧ ಪಾದ ತೆಗೆದರು. ತಿಪಟೂರಿನವರು ಹೇಳಿದ್ದೂ ಅರ್ಧವೇ, ಇಲ್ಲಿ ಆದದ್ದೂ ಅರ್ಧವೇ. ನಡುವೆ ಮಂಗಳಾ ಕಂಡ ಎಳೆಗೆಂಪು ಮಾಂಸದ ಲೆಕ್ಕವನ್ನು ಯಾರೂ ಹಿಡಿಯಲಿಲ್ಲ. ವಾರ್ಡಿಗೆ ಬಂದ ಧನ್ಯಶ್ರೀ ಅವಳನ್ನು ಪಕ್ಕಕ್ಕೆ ಕರೆದು, “ಪೂರ್ತಿ ಔಷಧಿ ಹಾಕಿದ್ರೂ ಕಾಲು ಉಳೀತಿತ್ತೋ ಇಲ್ವೋ ನನಗೆ ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ. ಅದನ್ನ ತಿಳಿಯೋಕೇ ಅಲ್ವಾ ಈ ಪರೀಕ್ಷೆ. ನೀವು ಅದನ್ನೇ ತಲೇಲಿ ಇಟ್ಕೋಬೇಡಿ,” ಎಂದರು. ಒಳ್ಳೆಯ ಮಾತೇ. ಆದರೆ ಉಳಿಯುತ್ತಿರಲಿಲ್ಲ ಎಂದಿದ್ದರೆ ಮಂಗಳಾ ನಿದ್ದೆ ಮಾಡುತ್ತಿದ್ದಳು. ಗೊತ್ತಿಲ್ಲ ಎನ್ನುವ ಮಾತನ್ನು ತಲೆದಿಂಬು ಮಾಡಿಕೊಂಡು ಯಾರು ತಾನೇ ಮಲಗುತ್ತಾರೆ?

ಮನೆಗೆ ಕಳಿಸುವ ಹಿಂದಿನ ದಿನ, ಮಧ್ಯಾಹ್ನದ ಊಟ ಆಗಿತ್ತು. ಕಲ್ಲೇಶ ದಿಂಬಿಗೆ ಒರಗಿ ಕೂತಿದ್ದ. ಚಿಕ್ಕಗೌರಮ್ಮ ಸ್ಟೂಲು ಎಳೆದುಕೊಂಡು ಮಗನ ಹತ್ತಿರ ಕೂತಳು.

“ಫ್ರಿಜ್ಜು ಕೆಟ್ಟಿರ್ಲಿಲ್ಲ ಕಣಪ್ಪ,” ಎಂದಳು. “ನಿನ್ ಔಷ್ದಿ ನಾನೇ ತಗಂಡೋಗಿ ಹೂತಾಕ್ದೆ. ಸತ್ತ ಮಗೀದು ಅಂದ್ಕಂಡೆ. ನಿನ್ ಹೆಂಡ್ತಿ ನನ್ನ ಬುಟ್ಕೊಡ್ಲಿಲ್ಲ. ನಿನ್ ಕಾಲು ತೆಗೆಸಿದ್ದು ನಾನೇ.”

“ಗೊತ್ತು ಕಣವ್ವ,” ಎಂದ ಕಲ್ಲೇಶ.

ಬಟ್ಟೆ ಮಡಿಸುತ್ತಿದ್ದ ಮಂಗಳಾ ಕೈ ನಿಲ್ಲಿಸಿದಳು.

“ಕಿಟಕೀಲಿ ಕಾಣ್ತಿತ್ತು. ನೀನು ಡಬ್ಬಿ ತಗಂಡೋಗಿದ್ದು ಕಂಡೆ. ಗುಂಡಿ ತೋಡಿದ್ದೂ ಕಂಡೆ. ಅರಿಶ್ನ ಹಚ್ಚಿ ಕೈ ಮುಗಿದಿದ್ದೂ ಕಂಡೆ.”

“ಯಾವ ಡಬ್ಬಿ ಅಂತ ಗೊತ್ತಿತ್ತಾ?” ಎಂದು ಕೇಳಿದಳು ಮಂಗಳಾ.

“ಗೊತ್ತಿತ್ತು.”

“ಕಂಡು ಸುಮ್ನಿದ್ರಾ?”

ಕಲ್ಲೇಶ ಹೆಂಡತಿಯ ಕಡೆ ನೋಡದೆ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದ. “ಸಾಕಾಗಿತ್ತು ಕಣೇ. ನೀನು ದಿನಾ ನನ್ ಕಾಲ್ ಮುಂದೆ ಕುಕ್ಕರಗಾಲಲ್ಲಿ ಕೂತ್ಕಳೋದು, ಏಳುವಾಗ ಗೋಡೆ ಹಿಡ್ಕಳೋದು. ಒಂದು ಔಷ್ದಿ ಆದ್ಮೇಲೆ ಇನ್ನೊಂದು. ಇದೂ ಆಗ್ನಿಲ್ಲ ಅಂದ್ರೆ ಮತ್ತೆಲ್ಲಿಗೋ ಹೊತ್ಕಂಡು ಹೋಗ್ತಿದ್ದೆ. ಹೋಗೋ ಕಾಲು ಒಂದೇ ಸಲ ಹೋದ್ರೆ ನಿಂಗಾದ್ರೂ ಬಿಡುವಾಯ್ತದೆ ಅನ್ನುಸ್ತು. ಅವ್ವನ್ನ ಕೂಗ್ಬೇಕು ಅಂತ ಬಾಯಿ ತೆಗ್ದೆ. ಆಮೇಲೆ ಕೂಗ್ಲಿಲ್ಲ.”

ಮಂಗಳಾಗೆ ಮೈಯೆಲ್ಲ ಉರಿಯಿತು. ಮುದುಕಿಯ ಮೇಲೆ ಬಾರದ ಸಿಟ್ಟು, ತನ್ನ ನಾಲಿಗೆಯ ಮೇಲೆ ಪೂರ್ತಿ ಬಾರದ ಸಿಟ್ಟು, ಎಲ್ಲ ಒಟ್ಟಾಗಿ ಈಗ ಬಂತು. ಅವಳ ಸುಸ್ತನ್ನು ಅವನು ಕಿಟಕಿಯಲ್ಲಿ ಕೂತು ಲೆಕ್ಕ ಹಾಕಿದ್ದ, ಆ ಲೆಕ್ಕಕ್ಕೆ ತನ್ನ ಕಾಲನ್ನು ಕೊಟ್ಟಿದ್ದ, ಈಗ ಅದನ್ನು ಅವಳ ಹೆಸರಿಗೇ ಬರೆಯುತ್ತಿದ್ದ.

“ಹೌದು, ನಂಗೂ ಸಾಕಾಗಿತ್ತು,” ಎಂದಳು, ದನಿ ಏರಿಸದೆ. “ಕೂತೇಳೋದು ಸಾಕಾಗಿತ್ತು. ನಿಮ್ ಕಾಲು ಸಾಕಾಗಿರ್ಲಿಲ್ಲ. ನನ್ನ ಒಂದ್ಮಾತು ಕೇಳ್ಬೋದಿತ್ತು.”

ಚಿಕ್ಕಗೌರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ನರ್ಸು ದಾನೇಶ್ವರಿ ಟ್ರೇ ಹಿಡಿದುಕೊಂಡು ಬಂದಳು.

“ನಾಳೆ ಮನೆಗೆ ಹೋಗ್ತೀರಿ. ಹೊಲಿಗೆ ಒಣಗೋ ತನಕ ದಿನಾ ಡ್ರೆಸಿಂಗ್ ಆಗ್ಬೇಕು, ತಪ್ಪಿಸೋ ಹಾಗಿಲ್ಲ,” ಎಂದಳು. “ಮನೇಲಿ ಯಾರು ಮಾಡ್ತೀರ? ಹತ್ತಿರ ಬನ್ನಿ, ತೋರಿಸ್ತೀನಿ.”

ಬಿಡುವು ಎಂದು ಕಲ್ಲೇಶ ಲೆಕ್ಕ ಹಾಕಿದ್ದು ಇದನ್ನೇ. ಮಂಗಳಾ ರೂಢಿಯಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ಮುಂದೆ ಬಂದಳು. ಬಂದವಳು ನಿಂತಳು. ಸೆರಗನ್ನು ಬಿಡಿಸಿ ಕೆಳಗೆ ಬಿಟ್ಟಳು.

“ಇವ್ರಿಗೇ ತೋರಿಸಿ,” ಎಂದಳು.

“ಪೇಶೆಂಟಿಗಾ?”

“ಕಾಲು ಅವ್ರದ್ದು. ಕೂತ್ಕಂಡು ಕೊಬ್ಬರಿ ಒಡೀತಿದ್ದ ಕೈ, ಅದಕ್ಕೇನಾಗಿಲ್ಲ. ಬಗ್ಗಿದ್ರೆ ಸಿಗ್ತದೆ.”

ಕಲ್ಲೇಶ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಇಷ್ಟು ತಿಂಗಳಲ್ಲಿ ಈ ಮಾತು ಅವನಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ, ಪುಣ್ಯದ ಮಾತಾಡಿ ಹೋದವರಿಗಂತೂ ಹೊಳೆಯುವ ಮಾತೇ ಇಲ್ಲ. ನರ್ಸು ಒಂದು ಕ್ಷಣ ಯೋಚಿಸಿ, “ಮಾಡ್ಬೋದು. ಕೆಳಗಡೆ ಕಾಣೋಕೆ ಯಾರಾದ್ರೂ ಕನ್ನಡಿ ಹಿಡೀಬೇಕಾಗುತ್ತೆ,” ಎಂದಳು.

“ನಾ ಹಿಡ್ಕತೀನಿ,” ಎಂದಳು ಚಿಕ್ಕಗೌರಮ್ಮ.

ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿದಾಗ ಮುದುಕಿ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಮುಖ ತಿರುಗಿಸಲಿಲ್ಲ. ಮಗನ ಅರ್ಧ ಪಾದವನ್ನು, ಕಪ್ಪು ದಾರದ ಹೊಲಿಗೆಯನ್ನು, ಮೊದಲ ಸಲ ನೋಡಿದಳು. ಕಲ್ಲೇಶ ಇಕ್ಕಳದಲ್ಲಿ ಹತ್ತಿ ಹಿಡಿದು ಬಗ್ಗಿದ. ಕೈ ತಪ್ಪಿ ಹತ್ತಿ ಹಾಸಿಗೆಯ ಮೇಲೆ ಬಿತ್ತು. ಇನ್ನೊಂದು ತೆಗೆದುಕೊಂಡ.

“ಹಾಗಲ್ಲ, ಉಲ್ಟಾ ಒರೆಸ್ತಿದೀರ,” ಎಂದಳು ದಾನೇಶ್ವರಿ. “ಹೊಲಿಗೆಯಿಂದ ಹೊರಗಡೆಗೆ.”

ಗೋಡೆಗೆ ಒರಗಿ ನಿಂತಿದ್ದ ಮಂಗಳಾಗೆ ಅದು ಗೊತ್ತಿತ್ತು. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎನ್ನುವುದೂ ಗೊತ್ತಿತ್ತು. ಕೈ ತಾನಾಗಿಯೇ ಮುಂದೆ ಹೋಗಲು ಹೊರಟಿತು, ಅದನ್ನು ಹಿಂದಕ್ಕೆ ಕಟ್ಟಿಕೊಂಡಳು. ಕಲ್ಲೇಶ ಮತ್ತೊಮ್ಮೆ ಬಗ್ಗಿ, ಈ ಸಲ ಸರಿಯಾಗಿ ಒರೆಸಿದ.